ವಾಹನ ಚಲನೆಯ ಸಂವೇದನೆ ಮತ್ತು ಅಲಂಕಾರಿಕ ಎಲ್‌ಇಡಿ ಬೆಳಕು

ವಾಹನ ನಿಂತಿದೆಯೇ ಓಡುತ್ತಿದೆಯೇ, ಎಷ್ಟು ವೇಗದಲ್ಲಿದೆ, ಯಾವ ಕಡೆ ತಿರುಗುತ್ತಿದೆ ಎಂಬುದನ್ನು ಸಂವೇದಕಗಳಿಂದ ಅರಿತು, ಅದಕ್ಕೆ ತಕ್ಕಂತೆ ಅಲಂಕಾರದ ಎಲ್‌ಇಡಿ ದೀಪಗಳ ಬಣ್ಣ, ಹೊಳಪು ಮತ್ತು ಓಟವನ್ನು ನಿಯಂತ್ರಿಸುವ ತಂತ್ರ. ಸೈಕಲ್ ಚಕ್ರದ ಕಡ್ಡಿಗಳ ನಡುವೆ ಚಿತ್ರ ಮೂಡಿಸುವ ದೀಪ, ಸ್ಕೂಟರಿನ ಅಡಿಯಲ್ಲಿ ವೇಗದೊಂದಿಗೆ ಹರಿಯುವ ಬೆಳಕು, ಕಾರಿನ ಒಳಗಿನ ಹಿನ್ನೆಲೆ ದೀಪ, ಮೆರವಣಿಗೆಯ ಗಾಡಿಯ ಮೈತುಂಬ ಹಬ್ಬುವ ದೀಪಮಾಲೆ ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಬಿಡಿಭಾಗಗಳು ಅಗ್ಗವಾದ ಮೇಲೆ ಈ ತಂತ್ರ ಹವ್ಯಾಸಿಗಳ ಕೈಗೂ ಎಟುಕಿದೆ. ಇಲ್ಲಿ ಕಷ್ಟವಿರುವುದು ದೀಪ ಬೆಳಗಿಸುವುದರಲ್ಲಿ ಅಲ್ಲ, ಚಲನೆಯನ್ನು ಸರಿಯಾಗಿ ಅರಿಯುವುದರಲ್ಲಿ. ಎಲ್ಲರೂ ಮೊದಲು ಆರಿಸುವ ವೇಗೋತ್ಕರ್ಷಮಾಪಕ (ಆಕ್ಸೆಲರೋಮೀಟರ್) ಚಲನೆಯನ್ನು ನೇರವಾಗಿ ಅಳೆಯುವುದೇ ಇಲ್ಲ. ಅದು ಅಳೆಯುವುದು ಬಲವನ್ನು. ಚಲನೆಗೆ ಮುಖ್ಯ ಸಾಕ್ಷಿ ನೆಲ ಮುಟ್ಟಿ ಉರುಳುವ ಚಕ್ರ. ಉಳಿದ ಸಂವೇದಕಗಳು ಆ ಸಾಕ್ಷ್ಯವನ್ನು ಪರೀಕ್ಷಿಸಬೇಕು, ಅದರ ಕೊರತೆ ತುಂಬಬೇಕು. ಸಾಕ್ಷ್ಯಗಳು ಒಂದಕ್ಕೊಂದು ಹೊಂದದಿದ್ದಾಗ ದೀಪ ತನ್ನ ಆಟ ನಿಲ್ಲಿಸಿ ಸ್ಥಿರವಾಗಬೇಕು. ಈ ನಿಲುವಿಗೆ ಭೌತಶಾಸ್ತ್ರ, ಎಲೆಕ್ಟ್ರಾನಿಕ್ಸ್, ರಸ್ತೆ ಕಾನೂನು ಮೂರರಿಂದಲೂ ಆಧಾರ ದೊರೆಯುತ್ತದೆ.

ಹಿನ್ನೆಲೆ

ಚಲನೆಯೇ ದೀಪವನ್ನು ಆಳುವ ಏರ್ಪಾಡು ಎಲೆಕ್ಟ್ರಾನಿಕ್ಸಿಗಿಂತ ಹಳೆಯದು. ಕರ್ನಾಟಕದ ಊರುಗಳಲ್ಲೂ ಒಂದು ಕಾಲಕ್ಕೆ ಸಾಮಾನ್ಯವಾಗಿದ್ದ ಸೈಕಲ್ ಡೈನಮೊ ಟೈರಿನ ಮಗ್ಗುಲಿಗೆ ಒರಗಿ ತಿರುಗುತ್ತ, ದೀಪಕ್ಕೆ ವಿದ್ಯುತ್ತನ್ನೂ ವೇಗದ ಸುದ್ದಿಯನ್ನೂ ಒಟ್ಟಿಗೆ ಮುಟ್ಟಿಸುತ್ತಿತ್ತು: ತುಳಿದಂತೆ ಬೆಳಕು ಏರುತ್ತಿತ್ತು, ಗಾಡಿ ನಿಂತರೆ ಆರುತ್ತಿತ್ತು. ವಾಹನಾಲಂಕಾರದ ಧಾರೆ ಇದರಿಂದ ಬೇರೆಯಾಗಿ ಬೆಳೆಯಿತು. ಮೈತುಂಬ ದೀಪ ಹೊತ್ತ ಜಪಾನಿನ ದೆಕೊತೋರಾ ಲಾರಿಗಳಿಗೆ 1975ರಿಂದ 1979ರವರೆಗೆ ತೆರೆಕಂಡ ‘ತೊರಾಕ್ಕು ಯಾರೋ’ ಚಿತ್ರಮಾಲೆ ದೊಡ್ಡ ಹೆಸರು ತಂದಿತು. ಭಾರತದ ಲಾರಿಗಳಿಗೂ ಖಾಸಗಿ ಬಸ್ಸುಗಳಿಗೂ ತಮ್ಮದೇ ದೀಪಾಲಂಕಾರದ ರೂಢಿ ಇದೆ. ಈ ದೀಪಗಳು ಚಾಲಕನ ಸ್ವಿಚ್ಚಿನ ಮಾತು ಕೇಳುತ್ತವೆಯೇ ಹೊರತು ವಾಹನದ ಓಟಕ್ಕೆ ಓಗೊಡುವುದಿಲ್ಲ. ಎರಡು ಧಾರೆಗಳು ಕೂಡಬೇಕಾದರೆ ಎರಡು ಘಟಕಗಳು ಒದಗಬೇಕಿತ್ತು. ಒಂದು, ಎಲ್‌ಇಡಿ. 1962ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿಯನ್ನು ಮಾಡಿ ತೋರಿಸಿದರು; ಪ್ರಕಾಶಮಾನವಾದ ನೀಲಿ ದಕ್ಕಲು ಇನ್ನೂ ಮೂರು ದಶಕ ಹಿಡಿಯಿತು. ಆ ಸಾಧನೆಗೆ ಇಸಾಮು ಅಕಾಸಾಕಿ, ಹಿರೋಷಿ ಅಮಾನೊ, ಶೂಜಿ ನಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಸಂದಿತು. ಕೆಂಪು, ಹಸಿರು, ನೀಲಿ ಮೂರೂ ಕೈಗೆ ಬಂದ ಮೇಲೆ ಬೇಕೆಂದ ಬಣ್ಣವನ್ನು ಕ್ಷಣಮಾತ್ರದಲ್ಲಿ ಬೆರೆಸುವುದು ಸಾಧ್ಯವಾಯಿತು. ಇನ್ನೊಂದು, ಸಿಲಿಕಾನ್ ತುಣುಕಿನಲ್ಲೇ ಕೊರೆದ ಸೂಕ್ಷ್ಮ ವೇಗೋತ್ಕರ್ಷಮಾಪಕ. ಅನಲಾಗ್ ಡಿವೈಸಸ್ ಕಂಪನಿಯ ಎಡಿಎಕ್ಸ್‌ಎಲ್50 1990ರ ದಶಕದ ಆರಂಭದಲ್ಲಿ ಬಂದದ್ದು ಕಾರಿನ ಏರ್‌ಬ್ಯಾಗಿಗಾಗಿ. ಢಿಕ್ಕಿ ಎಂದರೆ ಗುರುತ್ವದ ಹತ್ತಾರು ಪಟ್ಟು ಬಲ ಕ್ಷಣಾರ್ಧದಲ್ಲಿ ಬಂದು ಹೋಗುವ ಘಟನೆ. ಈ ಉಪಕರಣ ಹುಟ್ಟಿದ್ದೇ ಹೊಡೆತವನ್ನು ಗುರುತಿಸಲು ಎಂಬುದನ್ನು ನೆನಪಿಟ್ಟರೆ ಅದರ ಸಾಮರ್ಥ್ಯವೂ ಮಿತಿಯೂ ಸ್ಪಷ್ಟವಾಗುತ್ತವೆ.

ಬಲದಿಂದ ಚಲನೆ ತಿಳಿಯುವುದರ ಮಿತಿ

ಹಡಗು ಸಮವೇಗದಲ್ಲಿ ನೇರವಾಗಿ ಸಾಗುತ್ತಿದ್ದರೆ, ಅದರ ಮುಚ್ಚಿದ ಕೋಣೆಯೊಳಗೆ ಮಾಡುವ ಯಾವ ಪ್ರಯೋಗವೂ ಹಡಗು ಓಡುತ್ತಿದೆಯೇ ನಿಂತಿದೆಯೇ ಎಂದು ಹೇಳಲಾರದು ಎಂದು ಗೆಲಿಲಿಯೊ 1632ರಲ್ಲಿ ಪ್ರಕಟಿಸಿದ ಸಂವಾದ ಗ್ರಂಥದಲ್ಲಿ ವಾದಿಸಿದ. ವಾಹನದೊಳಗೆ ಅಂಟಿಸಿದ ವೇಗೋತ್ಕರ್ಷಮಾಪಕ ಆ ಕೋಣೆಯಲ್ಲೇ ಕೂತಿದೆ. ಅದರೊಳಗೆ ಸಿಲಿಕಾನಿನ ಪುಟ್ಟ ತೂಕವೊಂದು ಸ್ಪ್ರಿಂಗುಗಳ ಮೇಲೆ ತೂಗುತ್ತಿರುತ್ತದೆ. ಬಲ ಬಿದ್ದಾಗ ತೂಕ ಕದಲುತ್ತದೆ, ಪಕ್ಕದ ಫಲಕಗಳ ಜೊತೆಗಿನ ಧಾರಕತೆ ಬದಲಾಗುತ್ತದೆ, ಆ ಬದಲಾವಣೆ ಅಂಕಿಯಾಗಿ ಹೊರಬರುತ್ತದೆ. ಮೇಜಿನ ಮೇಲೆ ಸುಮ್ಮನೆ ಇಟ್ಟಾಗಲೂ ಅದು 1 ಜಿ, ಅಂದರೆ 9.8 ಮೀ/ಸೆ² ತೋರಿಸುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ಸಮವೇಗದಲ್ಲಿ ಸಾಗುವ ಕಾರಿನಲ್ಲಿ ಅದರ ಸರಾಸರಿ ಅಂಕಿಯೂ ಅದೇ. ಏರಿಳಿತದ ರಸ್ತೆಯಲ್ಲಿ ತೊಡಕು ಹೆಚ್ಚುತ್ತದೆ. ನಿಂತ ಸೈಕಲ್ 10 ಸೆಕೆಂಡಿನಲ್ಲಿ ಗಂಟೆಗೆ 20 ಕಿ.ಮೀ. ವೇಗ ಪಡೆದರೆ ಅದರ ವೇಗೋತ್ಕರ್ಷ ಸುಮಾರು 0.56 ಮೀ/ಸೆ². ಶೇ. 5.7ರಷ್ಟು ಏರಿನ ರಸ್ತೆಯಲ್ಲಿ ಕದಲದೆ ನಿಂತ ಸೈಕಲ್ಲಿನಲ್ಲೂ ಗುರುತ್ವದ ಪಾಲು ಮುಂದಿನ ದಿಕ್ಕಿನ ಅಕ್ಷದಲ್ಲಿ ಅಷ್ಟೇ ಅಂಕಿ ಮೂಡಿಸುತ್ತದೆ. ಒಂದೇ ಅಂಕಿಗೆ ಎರಡು ಅರ್ಥ.

ಬಲವನ್ನು ಕಾಲದುದ್ದಕ್ಕೂ ಕೂಡಿಸುತ್ತ ಹೋದರೆ, ಎಂದರೆ ಅನುಕಲನ ಮಾಡಿದರೆ, ವೇಗ ಸಿಗಬೇಕಲ್ಲವೇ ಎಂದು ಕೇಳಬಹುದು. ಗಣಿತದ ಮಟ್ಟಿಗೆ ಸಿಗುತ್ತದೆ. ನಿಜ ಸಂವೇದಕದಲ್ಲಿ ದೋಷವೂ ಅದರ ಜೊತೆಗೆ ಕೂಡುತ್ತ ಹೋಗುತ್ತದೆ. ಶೂನ್ಯದ ಗುರುತು ಒಂದು ಜಿಯ ಸಾವಿರದಲ್ಲೊಂದು ಭಾಗ ಸರಿದಿದ್ದರೂ ಒಂದು ನಿಮಿಷದಲ್ಲಿ ವೇಗ ಸೆಕೆಂಡಿಗೆ 0.6 ಮೀಟರ್ ತಪ್ಪುತ್ತದೆ, ಸ್ಥಾನ ಸುಮಾರು 18 ಮೀಟರ್ ತಪ್ಪುತ್ತದೆ. ಅಗ್ಗದ ಸಂವೇದಕಗಳಲ್ಲಿ ಈ ಶೂನ್ಯದೋಷ ಇನ್ನೂ ದೊಡ್ಡದಿರುವುದು ಸಾಮಾನ್ಯ; ಬಿಸಿಲಿಗೆ ಕಾದಾಗ ಅದು ಮತ್ತೆ ಬದಲಾಗುತ್ತದೆ. ದ್ವಿಚಕ್ರ ವಾಹನದ ತಿರುವು ಇನ್ನೊಂದು ಕಠಿಣ ಪ್ರಸಂಗ. ಸವಾರ ಸಮತೋಲದಲ್ಲಿ ವಾಲಿ ತಿರುಗುವಾಗ ಗುರುತ್ವ ಮತ್ತು ತಿರುವಿನ ಬಲಗಳ ಮೊತ್ತ ವಾಹನದ ಮಧ್ಯರೇಖೆಯಲ್ಲೇ ಬೀಳುತ್ತದೆ. 30 ಡಿಗ್ರಿ ವಾಲಿದ ಬೈಕಿನಲ್ಲಿ ವೇಗೋತ್ಕರ್ಷಮಾಪಕ ಕಾಣುವುದು ‘ಕೆಳಕ್ಕೆ’ 1.15 ಜಿ ಅಷ್ಟೇ. ಪಕ್ಕಕ್ಕೆ ವಾಲಿದ್ದೇ ಅದಕ್ಕೆ ತಿಳಿಯದು. ಹಾಗಾಗಿ ವಾಲುವಿಕೆಗೆ ಬಣ್ಣ ಬದಲಿಸುವ ದೀಪವನ್ನು ಇದೊಂದರಿಂದಲೇ ನಡೆಸಲು ಹೋದರೆ ಅದು ಕಾರಿನಲ್ಲಿ ಒಪ್ಪುವಂತೆ ವರ್ತಿಸಿ ಬೈಕಿನಲ್ಲಿ ಸೋಲುತ್ತದೆ. ಅಲ್ಲಿ ತಿರುಗುವ ದರ ಅಳೆಯುವ ಜೈರೋಸ್ಕೋಪ್ ಬೇಕು. ಎಂಪಿಯು-6050ರಂಥ ತುಣುಕುಗಳಲ್ಲಿ ಎರಡೂ ಒಂದೇ ಕವಚದೊಳಗಿರುವುದು ಇದೇ ಕಾರಣಕ್ಕೆ ಉಪಯುಕ್ತ.

ಕಂಪನವನ್ನು ನಂಬುವುದರ ಅಪಾಯ

ವೇಗ ತಿಳಿಯದಿದ್ದರೇನು, ಓಡುವ ವಾಹನ ನಡುಗುತ್ತದೆ, ನಿಂತದ್ದು ನಡುಗುವುದಿಲ್ಲ; ಆ ನಡುಕವನ್ನೇ ಚಲನೆಯ ಗುರುತಾಗಿ ಹಿಡಿಯಬಹುದು ಎಂಬುದು ಹವ್ಯಾಸಿ ರಚನೆಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಉಪಾಯ. ಒಂದೆರಡು ಸೆಕೆಂಡಿನ ಅಂಕಿಗಳ ಚದುರುವಿಕೆಯನ್ನು ಲೆಕ್ಕಹಾಕಿ, ಅದು ಗೊತ್ತಾದ ಮಿತಿ ದಾಟಿದರೆ ‘ಓಡುತ್ತಿದೆ’ ಎಂದು ತೀರ್ಮಾನಿಸುತ್ತಾರೆ. ಎಂಜಿನ್ ಇಲ್ಲದ ಸೈಕಲ್ಲಿಗೆ, ಒರಟು ರಸ್ತೆಯಲ್ಲಿ, ಇದು ತಕ್ಕಮಟ್ಟಿಗೆ ಒದಗುತ್ತದೆ. ಎಂಜಿನ್ ಇರುವಲ್ಲಿ ಕೆಡುತ್ತದೆ. ನಿಮಿಷಕ್ಕೆ 750 ಸುತ್ತಿನಲ್ಲಿ ನಿಂತಲ್ಲೇ ಗುರುಗುಟ್ಟುವ ನಾಲ್ಕು ಸಿಲಿಂಡರಿನ ಕಾರಿನಲ್ಲಿ ಸೆಕೆಂಡಿಗೆ 25 ದಹನಗಳಾಗುತ್ತವೆ. 1,500 ಸುತ್ತಿನ ಒಂಟಿ ಸಿಲಿಂಡರಿನ ಬೈಕಿನಲ್ಲಿ 12.5. ಸಿಗ್ನಲ್ಲಿನಲ್ಲಿ ನಿಂತ ಬೈಕು ಕಂಪನದ ಲೆಕ್ಕದಲ್ಲಿ ಓಡುತ್ತಲೇ ಇರುತ್ತದೆ. ಇದರ ವಿರುದ್ಧ ದಿಕ್ಕಿನ ತಪ್ಪು ವಿದ್ಯುತ್ ವಾಹನಗಳಲ್ಲಿ. ಬೆಂಗಳೂರಿನಲ್ಲಿ ನೆಲೆಸಿದ ಏಥರ್, ಓಲಾ ಎಲೆಕ್ಟ್ರಿಕ್ ಕಂಪನಿಗಳ ಸ್ಕೂಟರುಗಳು ಇಂದು ರಾಜ್ಯದ ರಸ್ತೆಗಳಲ್ಲಿ ಸಾಮಾನ್ಯ ದೃಶ್ಯ. ದಹನದ ನಡುಕವೇ ಇಲ್ಲದ ಇಂಥ ವಾಹನ ನುಣುಪಾದ ಡಾಂಬರಿನ ಮೇಲೆ ಸಮವೇಗದಲ್ಲಿ ಜಾರುವಾಗ ನಿಂತಂತೆಯೇ ತೋರಬಹುದು. ಈ ಎರಡು ತಪ್ಪುಗಳ ಬೆಲೆ ಒಂದೇ ಅಲ್ಲ. ನಿಂತದ್ದನ್ನು ಓಡುತ್ತಿದೆ ಎಂದು ಬಗೆದರೆ ಬ್ಯಾಟರಿ ಸ್ವಲ್ಪ ಖರ್ಚಾಗುತ್ತದೆ. ಓಡುವುದನ್ನು ನಿಂತಿದೆ ಎಂದು ಬಗೆದರೆ ನಿಂತಾಗಿನ ಆಟಕ್ಕೆಂದು ಇಟ್ಟ ಬೆಳಕು ನಡುರಸ್ತೆಯಲ್ಲಿ ಕುಣಿಯತೊಡಗುತ್ತದೆ. ಸಂವೇದಕದ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಈ ಎರಡನೆಯ ತಪ್ಪಿನ ಭಯ.

ಚಕ್ರದ ಸಾಕ್ಷ್ಯ

ಚಕ್ರ ಹೊರಜಗತ್ತನ್ನು ಮುಟ್ಟಿದೆ. ಹಡಗಿನ ಕೋಣೆಯ ತೊಡಕು ಅದಕ್ಕಿಲ್ಲ. ಕಡ್ಡಿಗೆ ಒಂದು ಕಾಂತ, ಚೌಕಟ್ಟಿಗೆ ಒಂದು ಸ್ವಿಚ್ಚು, ಸುತ್ತಿಗೊಂದು ಮಿಡಿತ: ಸೈಕಲ್ ಕಂಪ್ಯೂಟರುಗಳು ಹಲವು ದಶಕಗಳಿಂದ ನಡೆದಿರುವುದು ಹೀಗೆ. ಸ್ವಿಚ್ಚಿಗೆ ಎರಡು ರೂಪಗಳುಂಟು. ಬೆಲ್ ಪ್ರಯೋಗಾಲಯದಲ್ಲಿ ವಾಲ್ಟರ್ ಎಲ್‌ವುಡ್ 1936ರಲ್ಲಿ ರೂಪಿಸಿದ ರೀಡ್ ಸ್ವಿಚ್ಚಿನಲ್ಲಿ ಗಾಜಿನ ನಳಿಗೆಯೊಳಗಿನ ಎರಡು ಲೋಹದ ನಾಲಗೆಗಳು ಕಾಂತ ಸಮೀಪಿಸಿದಾಗ ಕೂಡಿಕೊಳ್ಳುತ್ತವೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಕೊಂಡ ಪರಿಣಾಮವನ್ನು ಆಧರಿಸಿದ ಹಾಲ್ ಸಂವೇದಕದಲ್ಲಿ ಚಲಿಸುವ ಭಾಗವೇ ಇಲ್ಲ. ಧೂಳು, ಅಲುಗಾಟ, ಸವೆತಗಳನ್ನು ಅದು ಹೆಚ್ಚು ತಾಳಿಕೊಳ್ಳುತ್ತದೆ. ಸಾಮಾನ್ಯ ದೊಡ್ಡ ಚಕ್ರದ ಸೈಕಲ್ಲಿನ ಸುತ್ತಳತೆ ಸುಮಾರು 2.1 ಮೀಟರ್. ಗಂಟೆಗೆ 20 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 2.6 ಸುತ್ತು ತಿರುಗುತ್ತದೆ, 0.38 ಸೆಕೆಂಡಿಗೊಂದು ಮಿಡಿತ ಬರುತ್ತದೆ. ಟೈರಿನ ಗಾಳಿ, ಹೊರೆಗಳಿಂದ ಸುತ್ತಳತೆ ತುಸು ಬದಲಾದರೂ ದೋಷ ಕಾಲದೊಂದಿಗೆ ಬೆಳೆಯುವುದಿಲ್ಲ. ಅನುಕಲನದ ದೋಷಕ್ಕೂ ಇದಕ್ಕೂ ಇರುವ ಮೂಲ ವ್ಯತ್ಯಾಸ ಇದೇ.

ಚಕ್ರಕ್ಕೂ ಕೊರತೆಗಳಿವೆ. ಮೈಸೂರು ದಸರಾದ ಸ್ತಬ್ಧಚಿತ್ರಗಳಂತೆ ನಡಿಗೆಯ ವೇಗದಲ್ಲಿ ಸಾಗುವ ಮೆರವಣಿಗೆಯ ವಾಹನವನ್ನೇ ತೆಗೆದುಕೊಳ್ಳಿ. ಗಂಟೆಗೆ 3 ಕಿ.ಮೀ. ವೇಗದಲ್ಲಿ 2.1 ಮೀಟರ್ ಸುತ್ತಳತೆಯ ಚಕ್ರ ಎರಡೂವರೆ ಸೆಕೆಂಡಿಗೊಮ್ಮೆ ಸುತ್ತು ಮುಗಿಸುತ್ತದೆ. ಒಂದೇ ಕಾಂತವಿದ್ದರೆ ವಾಹನ ನಿಂತದ್ದು ತಿಳಿಯಲು ಅಷ್ಟಾದರೂ ಕಾಯಬೇಕು. ಹನ್ನೆರಡು ಕಾಂತಗಳಿದ್ದರೆ ಮಿಡಿತಗಳ ಅಂತರ 0.21 ಸೆಕೆಂಡಿಗೆ ಇಳಿಯುತ್ತದೆ. ಮಿಡಿತ ಬಾರದಿರುವುದೂ ಸುದ್ದಿಯೇ. ಒಂದು ಕಾಂತದ ಚಕ್ರದಿಂದ ಒಂದು ಸೆಕೆಂಡು ಮಿಡಿತ ಬರಲಿಲ್ಲವೆಂದರೆ ವೇಗ ಸೆಕೆಂಡಿಗೆ 2.1 ಮೀಟರಿಗಿಂತ, ಎಂದರೆ ಗಂಟೆಗೆ 7.6 ಕಿ.ಮೀ.ಗಿಂತ, ಕಡಿಮೆ ಎಂದು ಆಗಲೇ ಗೊತ್ತಾಗುತ್ತದೆ. ಕಾದಷ್ಟೂ ಈ ಮೇಲ್ಮಿತಿ ಇಳಿಯುತ್ತದೆ. ಚೆನ್ನಾಗಿ ಬರೆದ ಪ್ರೋಗ್ರಾಮು ಈ ಇಳಿಯುವ ಮಿತಿಯನ್ನೇ ಅನುಸರಿಸಿ ದೀಪದ ಓಟವನ್ನು ನಯವಾಗಿ ನಿಧಾನಿಸಬಲ್ಲದು. ಇನ್ನೊಂದು ಕೊರತೆ ಗಂಭೀರವಾದದ್ದು: ಬ್ರೇಕು ಬಿಗಿದು ಚಕ್ರ ಸಿಕ್ಕಿಕೊಂಡಾಗ ವಾಹನ ಜಾರುತ್ತಲೇ ಇದ್ದರೂ ಚಕ್ರ ‘ನಿಂತಿದೆ’ ಎನ್ನುತ್ತದೆ. ಇದನ್ನು ಹಿಡಿಯುವ ದಾರಿಯೂ ಚಕ್ರದ ಅಂಕಿಯಲ್ಲೇ ಇದೆ. ಗಂಟೆಗೆ 40 ಕಿ.ಮೀ. ವೇಗ 0.2 ಸೆಕೆಂಡಿನಲ್ಲಿ ಸೊನ್ನೆಯಾದರೆ ಅದು ಸುಮಾರು 56 ಮೀ/ಸೆ² ಕುಗ್ಗುವಿಕೆ. ಒಣ ರಸ್ತೆಯಲ್ಲಿ ಸಾಮಾನ್ಯ ಟೈರು ಕೊಡಬಲ್ಲದ್ದು ಹೆಚ್ಚೆಂದರೆ 10ರ ಆಸುಪಾಸು. ಅಸಾಧ್ಯವಾದ ಇಂಥ ಇಳಿತ ಕಂಡಾಗ ಕೆಲವು ಸೆಕೆಂಡು ‘ಓಡುತ್ತಿದೆ’ ಎಂಬ ಹಿಂದಿನ ತೀರ್ಮಾನವನ್ನೇ ಉಳಿಸಿಕೊಳ್ಳಬೇಕು. ಆ ಹೊತ್ತಿನಲ್ಲಿ ವೇಗೋತ್ಕರ್ಷಮಾಪಕದ ಮಾತಿಗೆ ನಿಜವಾದ ಬೆಲೆ ಬರುತ್ತದೆ: ಬ್ರೇಕಿನ ಬಲ ಇನ್ನೂ ಇದೆಯೇ ಎಂಬುದನ್ನು ಅದು ಹೇಳಬಲ್ಲದು.

ವೇಗೋತ್ಕರ್ಷಮಾಪಕವನ್ನೇ ಚಕ್ರಕ್ಕೆ ಕಟ್ಟಿದರೆ ಅದರ ಸ್ಥಿತಿ ಬದಲಾಗುತ್ತದೆ, ಏಕೆಂದರೆ ತಿರುಗುವಿಕೆ ಎಂದೂ ಬಲವಿಲ್ಲದೆ ಇರದು. ಗಂಟೆಗೆ 20 ಕಿ.ಮೀ. ವೇಗದಲ್ಲಿ ಗುಂಬದ (ಹಬ್‌ನ) ಕೇಂದ್ರದಿಂದ 10 ಸೆಂ.ಮೀ. ದೂರದಲ್ಲಿ ಕೇಂದ್ರದ ಕಡೆಗಿನ ವೇಗೋತ್ಕರ್ಷ ಸುಮಾರು 2.8 ಜಿ, ಅದರ ಮೇಲೆ ಗುರುತ್ವವು ಸುತ್ತಿಗೊಮ್ಮೆ ಒಂದು ಅಲೆಯಂತೆ ಏರಿಳಿಯುತ್ತದೆ. ಕಾಂತವಿಲ್ಲದೆಯೇ ವೇಗವೂ ಕೋನವೂ ಸಿಗುತ್ತವೆ. ಆದರೆ ಈ ಬಲ ವೇಗದ ವರ್ಗದಂತೆ ಬೆಳೆಯುತ್ತದೆ: 25 ಸೆಂ.ಮೀ. ದೂರದಲ್ಲಿ 40 ಕಿ.ಮೀ. ವೇಗಕ್ಕೆ ಅದು 28 ಜಿ ಮುಟ್ಟಿ, 16 ಜಿವರೆಗೆ ಮಾತ್ರ ಅಳೆಯುವ ಸಾಮಾನ್ಯ ತುಣುಕುಗಳ ಮಿತಿ ಮೀರುತ್ತದೆ. ಸೆಕೆಂಡಿಗೆ 2,000 ಡಿಗ್ರಿವರೆಗೆ ಅಳೆಯುವ ಜೈರೋಸ್ಕೋಪ್ ಇದೇ ಚಕ್ರದಲ್ಲಿ ಗಂಟೆಗೆ 42 ಕಿ.ಮೀ.ವರೆಗೆ ಒದಗುತ್ತದೆ, ಸೈಕಲ್ಲಿಗೆ ಸಾಕು, ಬೈಕಿಗೆ ಸಾಲದು. ಗುಂಬದ ಡೈನಮೊ ಇರುವ ಸೈಕಲ್ಲಿನಲ್ಲಿ ಬೇರೆ ಸಂವೇದಕವೇ ಬೇಡ. ಅದರ ಪರ್ಯಾಯ ವಿದ್ಯುತ್ತಿನ ಆವೃತ್ತಿ ವೇಗಕ್ಕೆ ನೇರ ಅನುಪಾತದಲ್ಲಿರುತ್ತದೆ. ಜರ್ಮನಿಯ ಬುಷ್ ಉಂಡ್ ಮ್ಯುಲರ್ ಕಂಪನಿಯ ಕೆಲವು ಹಿಂದೀಪಗಳು ಈ ಆವೃತ್ತಿಯ ಇಳಿತದಿಂದಲೇ ಬ್ರೇಕನ್ನು ಗುರುತಿಸಿ ಹೆಚ್ಚು ಪ್ರಕಾಶಿಸುತ್ತವೆ.

ಸಿದ್ಧ ಮೂಲಗಳು

ಕಾರಿನಲ್ಲಿ ಚಕ್ರದ ವೇಗ ಮೊದಲೇ ಅಳೆಯಲ್ಪಟ್ಟಿರುತ್ತದೆ. ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾಗಿ, ಮುಂದೆ ಬೇರೆ ದೇಶಗಳಿಗೂ ಹರಡಿದ, ವಾಹನದ ದೋಷ ಪರೀಕ್ಷೆಗೆಂದು ಇಟ್ಟ ಒಬಿಡಿ-2 ಕಿಂಡಿಯಲ್ಲಿ ವೇಗವು ಒಂದೇ ಬೈಟಿನ ಅಂಕಿಯಾಗಿ, 0ಯಿಂದ 255 ಕಿ.ಮೀ.ವರೆಗೆ, ಒಂದೊಂದು ಕಿಲೋಮೀಟರಿನ ಮೆಟ್ಟಿಲುಗಳಲ್ಲಿ ದೊರೆಯುತ್ತದೆ. ಒಳಾಂಗಣದ ಬಣ್ಣ ಬದಲಿಸಲು ಇದು ಬೇಕಾದಷ್ಟು. ಉಪಗ್ರಹ ಸಂಚರಣೆ ಇನ್ನೊಂದು ಮೂಲ. ಅಮೆರಿಕದ ಜಿಪಿಎಸ್ ಆಗಲಿ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಇಸ್ರೋದ ನಾವಿಕ್ ಆಗಲಿ, ರಿಸೀವರು ಸಂಕೇತಗಳ ಡಾಪ್ಲರ್ ಪಲ್ಲಟದಿಂದ ವೇಗವನ್ನು ಚೆನ್ನಾಗಿಯೇ ಅಳೆಯುತ್ತದೆ. ಆದರೆ ಅಗ್ಗದ ರಿಸೀವರುಗಳು ವಾಡಿಕೆಯಾಗಿ ಸೆಕೆಂಡಿಗೆ ಒಂದೇ ಅಂಕಿ ಕೊಡುತ್ತವೆ. ಅಷ್ಟರಲ್ಲಿ 3 ಮೀ/ಸೆ² ಬ್ರೇಕು ಹಾಕಿದ ವಾಹನದ ವೇಗ ಗಂಟೆಗೆ ಸುಮಾರು 11 ಕಿ.ಮೀ. ಇಳಿದಿರುತ್ತದೆ. ಸುರಂಗ, ಮೇಲ್ಸೇತುವೆಯ ಅಡಿ, ನೆಲಮಾಳಿಗೆಯ ಪಾರ್ಕಿಂಗ್‌ಗಳಲ್ಲಿ ಸಂಕೇತವೇ ಇರದು. ಸವಾರನ ಫೋನಿನಲ್ಲಿ ಈ ಸಂವೇದಕಗಳೆಲ್ಲ ಇವೆಯಾದರೂ ಅದು ಅಳೆಯುವುದು ಜೇಬಿನ ಚಲನೆಯನ್ನು. ಜೇಬು ವಾಹನದಿಂದ ಇಳಿದು ನಡೆದುಹೋಗುತ್ತದೆ.

ಅಂಕಿಯಿಂದ ಬೆಳಕಿಗೆ

ಈ ಕ್ಷೇತ್ರದಲ್ಲಿ ಬಹುವಾಗಿ ಬಳಸುವ ಡಬ್ಲ್ಯುಎಸ್2812 ಮಾದರಿಯ ಎಲ್‌ಇಡಿಗಳಲ್ಲಿ ಪ್ರತಿ ದೀಪದೊಳಗೂ ಒಂದು ನಿಯಂತ್ರಕ ತುಣುಕಿದೆ. ಒಂದೇ ತಂತಿಯಲ್ಲಿ ಬರುವ ಸಂಕೇತದಿಂದ ಪ್ರತಿ ದೀಪ ತನ್ನ ಪಾಲಿನ 24 ಬಿಟ್ ತೆಗೆದುಕೊಂಡು ಉಳಿದದ್ದನ್ನು ಮುಂದಕ್ಕೆ ದಾಟಿಸುತ್ತದೆ. ಬಿಟ್ಟಿಗೆ 1.25 ಮೈಕ್ರೋಸೆಕೆಂಡಿನಂತೆ ದೀಪವೊಂದಕ್ಕೆ 30 ಮೈಕ್ರೋಸೆಕೆಂಡು. ಈ ಸಣ್ಣ ಅಂಕಿ ಎಷ್ಟು ಬಿಗಿಯಾದ ಮಿತಿ ಎಂಬುದು ಒಂದು ಸುಂದರ ಪರಿಣಾಮವನ್ನು ಸಾಧಿಸಹೊರಟಾಗ ತಿಳಿಯುತ್ತದೆ. ಬೆಳಕಿನ ಮಾದರಿಯನ್ನು ವಾಹನದ ವೇಗದಲ್ಲೇ ಹಿಂದಕ್ಕೆ ಓಡಿಸಿದರೆ, ಬೆಳಕು ನೆಲಕ್ಕೆ ನೆಟ್ಟಂತೆ ನಿಂತು ವಾಹನ ಮಾತ್ರ ಅದರ ಮೂಲಕ ಹಾದುಹೋದಂತೆ ಕಾಣುತ್ತದೆ. ಮೀಟರಿಗೆ 60 ದೀಪಗಳ ಪಟ್ಟಿಯಲ್ಲಿ, ಗಂಟೆಗೆ 20 ಕಿ.ಮೀ. ವೇಗಕ್ಕೆ, ಮಾದರಿ ಸೆಕೆಂಡಿಗೆ 333 ಬಾರಿ, ಎಂದರೆ 3 ಮಿಲಿಸೆಕೆಂಡಿಗೊಮ್ಮೆ, ಒಂದು ದೀಪದಷ್ಟು ಸರಿಯಬೇಕು. ಒಂದು ಮೀಟರಿನ ಪಟ್ಟಿಗೆ ಹೊಸ ಅಂಕಿಗಳನ್ನು ಕಳಿಸಲು 1.8 ಮಿಲಿಸೆಕೆಂಡು ಸಾಕು. ಎರಡು ಮೀಟರಿನ ಪಟ್ಟಿಗೆ 3.6 ಬೇಕು, ಮಾದರಿ ಹಿಂದೆ ಬೀಳುತ್ತದೆ. ಪಟ್ಟಿಯನ್ನು ಎರಡಾಗಿ ಸೀಳಿ ಬೇರೆ ಬೇರೆ ತಂತಿಗಳಿಂದ ನಡೆಸುವುದು ಇದಕ್ಕೆ ಪರಿಹಾರ. ವೇಗದ ಅಳತೆ ಶೇ. 5ರಷ್ಟು ತಪ್ಪಿದರೂ ‘ನಿಂತ’ ಬೆಳಕು ಸೆಕೆಂಡಿಗೆ 28 ಸೆಂ.ಮೀ. ಜಾರುತ್ತದೆ, ಕಣ್ಣು ಅದನ್ನು ಕೂಡಲೇ ಗುರುತಿಸುತ್ತದೆ.

ಚಕ್ರದೊಳಗಿನ ಚಿತ್ರಗಳು ಇನ್ನೂ ಕಠಿಣ. ಅಡಾಫ್ರೂಟ್ ಸಂಸ್ಥೆಯ ಸ್ಪೋಕ್‌ಪಿಒವಿ ಎಂಬ ಸಾಧನ ಕಡ್ಡಿಗೆ ಕಟ್ಟಿದ ದೀಪಸಾಲು, ಹಾಲ್ ಸಂವೇದಕ ಮತ್ತು ಚೌಕಟ್ಟಿನ ಕಾಂತದಿಂದ ದೃಷ್ಟಿಸಾತತ್ಯವನ್ನು ಬಳಸಿ ಚಕ್ರದಲ್ಲಿ ಚಿತ್ರ ಬರೆಯುತ್ತದೆ. ಸುತ್ತನ್ನು 256 ಭಾಗ ಮಾಡಿದರೆ, 20 ಕಿ.ಮೀ. ವೇಗದಲ್ಲಿ ಪ್ರತಿ ಭಾಗಕ್ಕೆ ಒಂದೂವರೆ ಮಿಲಿಸೆಕೆಂಡು. ಒಂದೇ ಸಾಲಿದ್ದರೆ ಸೆಕೆಂಡಿಗೆ ಎರಡೂವರೆ ಚಿತ್ರ ಮಾತ್ರ ಪೂರ್ತಿಯಾಗಿ ಮಿನುಗು ತೊಂದರೆ ಕೊಡುತ್ತದೆ. ನಾಲ್ಕು ಸಾಲು ಕಟ್ಟಿದರೆ ಹತ್ತು ದಾಟುತ್ತದೆ. ಹಿಂದಿನ ಸುತ್ತಿನ ಕಾಲವನ್ನು ನೋಡಿ ಮುಂದಿನ ಸುತ್ತನ್ನು ಊಹಿಸಬೇಕಾದ್ದರಿಂದ, ಬಿರುಸಾಗಿ ಬ್ರೇಕು ಹಾಕಿದಾಗ ಚಿತ್ರ ಸೊಟ್ಟಗಾಗುತ್ತದೆ. ಕಾಂತ ಎದುರಾದಾಗಲೆಲ್ಲ ಮತ್ತೆ ಸರಿಹೋಗುತ್ತದೆ. ದೀಪದ ಹೊಳಪನ್ನು ನಿಯಂತ್ರಿಸುವ ವಿಧಾನವೂ ಇಲ್ಲಿ ಅಡ್ಡ ಬರುತ್ತದೆ. ಮೊದಲ ಡಬ್ಲ್ಯುಎಸ್2812ಗಳು ಸೆಕೆಂಡಿಗೆ ಸುಮಾರು 400 ಬಾರಿ ಹತ್ತಿ ಆರುವ ಮೂಲಕ ಹೊಳಪು ತಗ್ಗಿಸುತ್ತವೆ. ಆ ಎರಡೂವರೆ ಮಿಲಿಸೆಕೆಂಡಿನಲ್ಲಿ ಚಕ್ರದ ಅಂಚು 14 ಮಿ.ಮೀ. ಸರಿದಿರುತ್ತದೆ, ಗೆರೆ ತುಂಡು ತುಂಡಾಗಿ ಕಾಣುತ್ತದೆ. ಸೆಕೆಂಡಿಗೆ ಸುಮಾರು 20,000 ಬಾರಿ ಮಿಡಿಯುವ ಎಪಿಎ102 ಮಾದರಿಯಲ್ಲಿ ಸರಿಯುವುದು ಅರ್ಧ ಮಿಲಿಮೀಟರಿಗೂ ಕಡಿಮೆ. ನಿಂತ ದೀಪಪಟ್ಟಿಗೆ ಮೊದಲನೆಯದು ಸಾಕು, ತಿರುಗುವ ಚಕ್ರಕ್ಕೆ ಎರಡನೆಯದೇ ಬೇಕು.

ವಿದ್ಯುತ್ತಿನ ಲೆಕ್ಕವೂ ಚಲನೆಯ ಅರಿವಿಗೇ ಬಂದು ಸೇರುತ್ತದೆ. 5 ವೋಲ್ಟಿನಲ್ಲಿ ಪೂರ್ಣ ಬಿಳಿ ಬೆಳಕಿಗೆ ಒಂದು ದೀಪ ಸುಮಾರು 60 ಮಿಲಿಆಂಪಿಯರ್ ಎಳೆಯುತ್ತದೆ. ನೂರು ದೀಪಗಳಿಗೆ 30 ವ್ಯಾಟ್. 12 ವೋಲ್ಟ್, 5 ಆಂಪಿಯರ್-ಗಂಟೆಯ ಬೈಕ್ ಬ್ಯಾಟರಿ ನಿಂತಲ್ಲಿ ಇದನ್ನು ಎರಡು ಗಂಟೆಯೂ ತಾಳದು. ಎಲ್ಲ ದೀಪಗಳಿಗೂ ‘ಕಪ್ಪು’ ಬಣ್ಣ ಕಳಿಸಿ ಸುಮ್ಮನಾದರೂ ಒಳಗಿನ ತುಣುಕುಗಳು ತಲಾ ಸುಮಾರು ಒಂದು ಮಿಲಿಆಂಪಿಯರ್ ತಿನ್ನುತ್ತಲೇ ಇರುತ್ತವೆ, ಬ್ಯಾಟರಿ ಐದಾರು ದಿನದಲ್ಲಿ ಬರಿದಾಗಬಹುದು. ಆದ್ದರಿಂದ ನಿಂತ ಮೇಲೆ ಪಟ್ಟಿಯ ವಿದ್ಯುತ್ತನ್ನೇ ಟ್ರಾನ್ಸಿಸ್ಟರಿನಿಂದ ಕಡಿಯಬೇಕು. ಮತ್ತೆ ಎಬ್ಬಿಸುವ ಕೆಲಸಕ್ಕೆ ವೇಗೋತ್ಕರ್ಷಮಾಪಕದಷ್ಟು ತಕ್ಕದ್ದು ಬೇರೆ ಇಲ್ಲ: ಎಡಿಎಕ್ಸ್‌ಎಲ್362 ಎಚ್ಚರದ ಕಾವಲಿಗೆ ಒಂದು ಮೈಕ್ರೋಆಂಪಿಯರಿಗಿಂತಲೂ ಕಡಿಮೆ ವಿದ್ಯುತ್ತು ಬಳಸುತ್ತದೆ. ಮೊದಲ ಅಲುಗಾಟವನ್ನು ಅದು ಹಿಡಿಯಲಿ. ಅದು ಪ್ರಯಾಣವೇ, ಬರೀ ತಳ್ಳಾಟವೇ ಎಂಬುದನ್ನು ಚಕ್ರ ತೀರ್ಮಾನಿಸಲಿ.

ಹೊಸ್ತಿಲುಗಳು ಮತ್ತು ಕಾನೂನು

‘ಓಡುತ್ತಿದೆ’ ಎಂಬ ನಿರ್ಣಯಕ್ಕೆ ಒಂದೇ ಹೊಸ್ತಿಲಿದ್ದರೆ ಆ ವೇಗದ ಆಚೀಚೆ ತೂಗಾಡುವ ವಾಹನದ ದೀಪ ಹತ್ತಿ ಆರುತ್ತ ಕಿರಿಕಿರಿ ಮಾಡುತ್ತದೆ. ಏರುವಾಗ ಒಂದು, ಇಳಿಯುವಾಗ ಅದಕ್ಕಿಂತ ಕೆಳಗಿನ ಇನ್ನೊಂದು ಹೊಸ್ತಿಲು ಇರಬೇಕು. ರಸ್ತೆ ಸುರಕ್ಷತೆಯ ಅಂತರರಾಷ್ಟ್ರೀಯ ನಿಯಮಗಳು ಇದೇ ಹಾದಿ ಹಿಡಿದಿವೆ. ವಿಶ್ವಸಂಸ್ಥೆಯ ವಾಹನ ನಿಯಮಾವಳಿಯಂತೆ ಕಾರಿನ ತುರ್ತು ನಿಲುಗಡೆಯ ಸಂಕೇತ ಗಂಟೆಗೆ 50 ಕಿ.ಮೀ. ಮೀರಿದ ವೇಗದಲ್ಲಿ, 6 ಮೀ/ಸೆ²ಗೂ ಹೆಚ್ಚಿನ ಕುಗ್ಗುವಿಕೆಯಲ್ಲಿ ಮಾತ್ರ ಮೊದಲಾಗಬೇಕು. ಅದು ನಿಲ್ಲುವ ಮಿತಿ ಇದಕ್ಕಿಂತ ಬಹಳ ಕೆಳಗಿದೆ. ವಿದ್ಯುತ್ ಕಾರು ಮೋಟಾರಿನಿಂದಲೇ ವೇಗ ತಗ್ಗಿಸುವಾಗ 0.7 ಮೀ/ಸೆ²ವರೆಗೆ ಬ್ರೇಕ್ ದೀಪ ಹತ್ತಕೂಡದು, 1.3 ಮೀರಿದರೆ ಹತ್ತಲೇಬೇಕು, ನಡುವೆ ತಯಾರಕರ ವಿವೇಚನೆ. ಬಾಗಿಲ ಬಳಿ ಸ್ವಾಗತಿಸುವ ಹೊರದೀಪಗಳನ್ನು ವಾಹನ ನಿಂತಾಗ ಮಾತ್ರ ಬೆಳಗಿಸಲು ಅವಕಾಶವಿದೆ. ಎಂದರೆ ಶೃಂಗಾರಕ್ಕೆ ಸಮೀಪವಾದ ದೀಪಕ್ಕೆ ಕಾನೂನು ಈಗಾಗಲೇ ಚಲನೆಯ ಅರಿವಿನ ಷರತ್ತು ವಿಧಿಸಿದೆ, ಆ ಷರತ್ತು ದೀಪವನ್ನು ತಡೆಯುವ ದಿಕ್ಕಿನಲ್ಲಿದೆ.

ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ನಿರ್ದಿಷ್ಟತೆಗೆ ವಿರುದ್ಧವಾದ ಮಾರ್ಪಾಟನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 108ನೇ ನಿಯಮ, ಕೆಲವು ವಿನಾಯಿತಿಗಳ ಹೊರತು, ಮುಂದಕ್ಕೆ ಕೆಂಪು ಬೆಳಕನ್ನೂ ಹಿಂದಕ್ಕೆ ಕೆಂಪಲ್ಲದ ಬೆಳಕನ್ನೂ ತೋರಿಸಬಾರದೆನ್ನುತ್ತದೆ. ತಿರುವು ಸೂಚಕ ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕು. ಇವುಗಳ ಹಿಂದಿನ ತರ್ಕ ಸರಳ: ರಸ್ತೆಯಲ್ಲಿ ಕೆಂಪು ಎಂದರೆ ವಾಹನದ ಹಿಂಬದಿ, ಮಿನುಗುವ ಹಳದಿ ಎಂದರೆ ತಿರುಗುವ ಇರಾದೆ. ಅದೇ ಬಣ್ಣದಲ್ಲಿ ಪಕ್ಕಕ್ಕೆ ಹರಿಯುವ ಅಲಂಕಾರ ಸುಳ್ಳು ಸೂಚನೆ ಕೊಟ್ಟಂತಾಗುತ್ತದೆ. ಸೈಕಲ್ಲಿನ ವಿಷಯದಲ್ಲಿ ದೇಶಗಳು ಒಮ್ಮತಕ್ಕೆ ಬಂದಿಲ್ಲ. ಬ್ರಿಟನ್ 2005ರಿಂದ ನಿಮಿಷಕ್ಕೆ 60ರಿಂದ 240 ಬಾರಿ ಮಿನುಗುವ ಸೈಕಲ್ ದೀಪಗಳನ್ನು ಒಪ್ಪಿದೆ. ಜರ್ಮನಿಯ ನಿಯಮ ಮಿನುಗನ್ನು ಒಪ್ಪುವುದಿಲ್ಲ.

ಆಕ್ಷೇಪಗಳು

ಅಲಂಕಾರಕ್ಕೆ ಇಷ್ಟೊಂದು ನಿಖರತೆ ಏಕೆ ಎಂಬುದು ಮೊದಲ ಆಕ್ಷೇಪ. ದೀಪ ಹತ್ತಿದರಾಯಿತು, ತುಸು ತಪ್ಪಿದರೆ ಯಾರಿಗೂ ಪೆಟ್ಟಾಗದು ಎಂಬ ವಾದ ಒಳಾಂಗಣದ ಮಂದ ಬೆಳಕಿಗೆ ಸರಿ. ಹೊರಗಿನ ಬೆಳಕನ್ನು ನೋಡುವವರು ಬೇರೆ ಚಾಲಕರು. ಅವರು ಅದನ್ನು ಓದಿ ತಮ್ಮ ವೇಗ, ಅಂತರಗಳನ್ನು ನಿರ್ಧರಿಸುತ್ತಾರೆ. ಅಲ್ಲಿ ತಪ್ಪಿನ ಬೆಲೆ ತೆರುವವರು ಅಲಂಕರಿಸಿದವರೇ ಆಗಿರಬೇಕಿಲ್ಲ. ಎರಡನೆಯ ಆಕ್ಷೇಪ ಎಂಜಿನಿಯರರದು: ರುಡಾಲ್ಫ್ ಕಾಲ್ಮನ್ 1960ರಲ್ಲಿ ಮಂಡಿಸಿದ ಫಿಲ್ಟರಿನಂಥ ವಿಧಾನಗಳಿರುವಾಗ ವೇಗೋತ್ಕರ್ಷಮಾಪಕದ ದೋಷ ಏಕೆ ದೊಡ್ಡದು? ಈ ಫಿಲ್ಟರು ಹಲವು ಸಾಕ್ಷ್ಯಗಳನ್ನು ಅವುಗಳ ವಿಶ್ವಾಸಾರ್ಹತೆಗೆ ತಕ್ಕಂತೆ ತೂಗಿ ಬೆರೆಸುತ್ತದೆ, ಆ ಕೆಲಸದಲ್ಲಿ ಅದು ಅದ್ವಿತೀಯ. ಆದರೆ ಯಾವ ಸಾಕ್ಷಿಯೂ ಕಾಣದ ಸಂಗತಿಯನ್ನು ಅದು ಸೃಷ್ಟಿಸಲಾರದು. ಸಮವೇಗದ ಸುದ್ದಿ ವೇಗೋತ್ಕರ್ಷಮಾಪಕದಲ್ಲಿ ಇಲ್ಲ. ಫಿಲ್ಟರಿಗೆ ಅದನ್ನು ಚಕ್ರವೋ ಉಪಗ್ರಹವೋ ಒದಗಿಸಬೇಕು. ಈ ಆಕ್ಷೇಪ ಚಕ್ರದ ಅಗತ್ಯವನ್ನು ಅಲ್ಲಗಳೆಯುವ ಬದಲು ದೃಢಪಡಿಸುತ್ತದೆ.

ಚಕ್ರಕ್ಕೆ ಸಂವೇದಕ ಕಟ್ಟುವುದು ಕಷ್ಟ, ತಂತಿ ಕೆಸರಿಗೆ ಸಿಕ್ಕಿ ಕೆಡುತ್ತದೆ ಎಂಬುದು ಮೂರನೆಯದು. ಕಷ್ಟ ನಿಜ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ದ್ವಿಚಕ್ರ ವಾಹನಗಳಿಗೆ ಭಾರತದಲ್ಲಿ ಎಬಿಎಸ್ (ಬ್ರೇಕು ಹಾಕಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದ್ದರಿಂದ ಅವುಗಳಲ್ಲಿ ಚಕ್ರದ ವೇಗದ ಸಂಕೇತ ಸಿದ್ಧವಾಗಿಯೇ ಇದೆ, ಅದನ್ನೇ ಕವಲೊಡೆಸಿದರಾಯಿತು ಎಂಬ ಸಲಹೆ ಸುಲಭವಾಗಿ ಹೊಳೆಯುತ್ತದೆ. ಹಾಗೆ ಮಾಡಲೇಬಾರದು: ಪ್ರಾಣ ಕಾಯುವ ಬ್ರೇಕಿನ ತಂತಿಗೆ ಅಲಂಕಾರದ ಹಂಗು ಹಚ್ಚಕೂಡದು. ಬೇರೆಯೇ ಕಾಂತ, ಬೇರೆಯೇ ಹಾಲ್ ಸಂವೇದಕ, ಬೇರೆಯೇ ಫ್ಯೂಸು ಇರಬೇಕು. ಅವುಗಳ ವೆಚ್ಚ ದೀಪಪಟ್ಟಿಯ ವೆಚ್ಚಕ್ಕಿಂತ ಹೆಚ್ಚಲ್ಲ. ಕೊನೆಯ ಆಕ್ಷೇಪ ಎಲ್ಲಕ್ಕಿಂತ ಬಲವಾದದ್ದು: ಇಷ್ಟೆಲ್ಲ ಅಪಾಯವಿರುವಾಗ ವಾಹನಗಳ ಮೇಲಿನ ಅಲಂಕಾರದ ಬೆಳಕನ್ನೇ ನಿಷೇಧಿಸಬಾರದೇಕೆ? ಕಣ್ಣು ಕುಕ್ಕುವ ಪ್ರಖರ ದೀಪಗಳಿಂದ ರಾತ್ರಿ ಪ್ರಯಾಣ ಕಷ್ಟವಾಗಿರುವ ಇಂದಿನ ಸ್ಥಿತಿಯಲ್ಲಿ ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಬಡಿಯುವ ಬೆಳಕು ಬೆಳಕಿಗೆ ಸಂವೇದನಶೀಲರಾದ ಅಪಸ್ಮಾರ ರೋಗಿಗಳಿಗೆ ಅಪಾಯ ತರಬಲ್ಲದು ಎಂಬುದೂ ತಿಳಿದ ವಿಷಯ. ಆದರೂ ಪೂರ್ಣ ನಿಷೇಧ ಒಂದು ಪ್ರಯೋಜನವನ್ನು ಕಳೆಯುತ್ತದೆ. ಕತ್ತಲಲ್ಲಿ ನಡೆಯುವವರ ಕೀಲುಗಳಿಗೆ ಕಟ್ಟಿದ ಕೆಲವೇ ಬೆಳಕಿನ ಚುಕ್ಕೆಗಳಿಂದ ಮನುಷ್ಯನ ನಡಿಗೆಯನ್ನು ಗುರುತಿಸಬಹುದೆಂದು ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೋಹಾನ್ಸನ್ 1973ರಲ್ಲಿ ತೋರಿಸಿದರು. ಕಣ್ಣು ಚಲನೆಯ ಸತ್ಯವನ್ನು ಓದಬಲ್ಲದು. ಪಕ್ಕದಿಂದ ಬರುವವರಿಗೆ ಸೈಕಲ್ಲಿನ ಮುಂದೀಪ, ಹಿಂದೀಪ ಎರಡೂ ಸರಿಯಾಗಿ ಕಾಣವು. ಚಕ್ರದೊಂದಿಗೇ ಉರುಳುವ ಬೆಳಕು ಅಲ್ಲಿ ಸೈಕಲ್ ಇದೆ, ಇಷ್ಟು ವೇಗದಲ್ಲಿ ಸಾಗಿದೆ ಎಂದು ಹೇಳುತ್ತದೆ. ಟೈಮರಿನಿಂದ ಮಿನುಗುವ ದೀಪ ಇದನ್ನು ಹೇಳಲಾರದು.

ಸಾರಾಂಶ

ಇಲ್ಲಿಂದ ಹೊರಡುವ ವಿನ್ಯಾಸ ಸೂತ್ರ ಸಂಕ್ಷಿಪ್ತವಾಗಿದೆ. ಚಕ್ರದಿಂದ ವೇಗ, ಜೈರೋಸ್ಕೋಪಿನಿಂದ ತಿರುವು, ವೇಗೋತ್ಕರ್ಷಮಾಪಕದಿಂದ ಹೊಡೆತ, ಬ್ರೇಕು ಮತ್ತು ಎಚ್ಚರ. ಬೆಳಕಿನ ಪೂರ್ಣ ಆಟ ನಿಂತಾಗ, ಇಲ್ಲವೇ ಸಾರ್ವಜನಿಕ ಸಂಚಾರವಿಲ್ಲದ ಮೆರವಣಿಗೆ, ಮೈದಾನಗಳಲ್ಲಿ. ರಸ್ತೆಯ ಓಟದಲ್ಲಿ ಸೈಕಲ್ಲಿಗೆ ಚಕ್ರದ ಮಿತವಾದ ಬೆಳಕು, ಮೋಟಾರು ವಾಹನಕ್ಕೆ ಹೊರಗಿನ ಅಲಂಕಾರವೆಲ್ಲ ವಿರಾಮ. ಚಲನೆಯನ್ನು ಅರಿಯುವ ಅಲಂಕಾರವನ್ನು ಜನ ಅದು ಎಷ್ಟು ಚೆನ್ನಾಗಿ ಕುಣಿಯುತ್ತದೆ ಎಂಬುದರಿಂದ ಅಳೆಯುತ್ತಾರೆ. ತಕ್ಕ ಹೊತ್ತಿಗೆ ಸುಮ್ಮನಾಗುವುದೂ ಅದೇ ಅಳತೆಗೆ ಸೇರಬೇಕು, ಮತ್ತು ಅದೇ ಹೆಚ್ಚು ಕಠಿಣವಾದ ಭಾಗ, ಏಕೆಂದರೆ ಕುಣಿಯಲು ಯಾವುದೋ ಒಂದು ಅಲುಗಾಟ ಸಾಕು. ಸುಮ್ಮನಾಗಲು ವಾಹನ ನಿಜಕ್ಕೂ ಓಡುತ್ತಿದೆಯೇ ಎಂಬುದು ಖಚಿತವಾಗಿ ತಿಳಿದಿರಬೇಕು. ಆ ಖಚಿತತೆಗೆ ಹೂಡುವ ಶ್ರಮವೇ ಅಲಂಕಾರದ ಬೆಳಕಿಗೆ ರಸ್ತೆಯಲ್ಲಿ ಇರುವ ಅರ್ಹತೆಯನ್ನು ಕೊಡುತ್ತದೆ.